ಸೋಡಾ ಮಾವ ಮತ್ತು ನನ್ನ ಇಲಿಗಳು

ಮೊನ್ನೆ ಶೃಂಗೇರಿಯಲ್ಲಿ ಒಂದು ಮದುವೆ. ಊಟ ಮುಗಿಸಿ ಹೊರಗೆ ಬಂದರೆ ಬೀಡಾದ ಪಕ್ಕದಲ್ಲಿ ಗೋಲಿ ಸೋಡಾ ಇಟ್ಟಿದ್ದರು. ಈಗ ಅದೊಂದು ಶೋಕಿ. ಅಲ್ಲಿದ್ದಾತ ಹೆಬ್ಬೆರಳಲ್ಲಿ ಗೋಲಿ ಒತ್ತಿದ. ಕುಂಯ್ ಎಂದು ಸದ್ದಾಯಿತು, ಹಿಂದೆಯೇ ನಿಂಬೆಯ ವಾಸನೆ. ನನಗೇ ಗೊತ್ತಿಲ್ಲದಂತೆ ತುಟಿಯ ಮೇಲೆ ಬೆರಳಿಟ್ಟು "ಶ್ಶ್!" ಅಂದುಬಿಟ್ಟೆ. ಪಾಪ, ಆತ ಗಾಬರಿಯಾಗಿ "ಸಾರಿ ಮೇಡಂ" ಅಂದ. ತಪ್ಪು ಆತನದಲ್ಲ... ಸೋಡಾ ಮಾವನದು.

ಕೊಪ್ಪದ ಬಸ್ ಸ್ಟ್ಯಾಂಡಿನ ಹತ್ತಿರ, ಹಲಸಿನ ಮರದ ಬುಡದಲ್ಲಿ ಅವರ ಅಂಗಡಿ. ಅದರ ಹಿಂದೆ ನಮ್ಮ ಮನೆ. ಸಂಬಂಧದಲ್ಲಿ ಅವರು ನಮಗೆ ಏನೂ ಅಲ್ಲ, ಆದರೆ ಕೇರಿಗೆಲ್ಲ ಮಾವ. ಗ್ಯಾಸಿನ ಸಿಲಿಂಡರಿಗೆ ಯಂತ್ರ ಜೋಡಿಸಿ, ಹಿಡಿ ತಿರುಗಿಸಿ ತಾವೇ ಸೋಡಾ ತುಂಬುತ್ತಿದ್ದರು. ಯಂತ್ರ ನಿಂತರೂ ಅವರ ಬಾಯಿ ನಿಲ್ಲುತ್ತಿರಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಹೊಸತು. ನಾನು ಘಟ್ಟದ ಕೆಳಗಿನ ಒಂದು ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿದ್ದೆ. ತಲೆಗೆ ಪೆಟ್ಟು ಬಿದ್ದಾಗ ಮೆದುಳಿಗೆ ಆಮ್ಲಜನಕ ಸಾಲದೆ ಹೋಗುತ್ತದೆ. ಅದನ್ನು ಹೊತ್ತು ಮುಟ್ಟಿಸಬಲ್ಲ, ಹಾಲಿನಂಥ ಬಿಳಿಯ ದ್ರವವೊಂದನ್ನು ಇಲಿಗಳ ರಕ್ತನಾಳಕ್ಕೆ ಕೊಟ್ಟು ನೋಡುವುದು ನಮ್ಮ ಕೆಲಸ. ಇದನ್ನು ಕೇಳಿ ಮಾವನಿಗೆ ಬಹಳ ಖುಷಿಯಾಯಿತು.

"ಹಾಗಾರೆ ನಂದೂ ಗ್ಯಾಸಿನ ಕೆಲಸ, ನಿಂದೂ ಗ್ಯಾಸಿನ ಕೆಲಸ. ನಾನು ನೀರಿಗೆ ತುಂಬ್ತೀನಿ, ನೀನು ಇಲಿಗೆ. ಅಲ್ಲಾ, ಇಲಿ ತಲೆಗೆ ಪೆಟ್ಟು ಹೆಂಗೆ ಬೀಳ್ತದೆ?"

"ನಾವೇ ಮಾಡೋದು ಮಾವ. ಅರಿವಳಿಕೆ ಕೊಟ್ಟು."

"ನೀವೇ ಹೊಡ್ದು ನೀವೇ ಮದ್ದು ಕೊಡೋದಾ? ಹೊಡೀದೆ ಇದ್ದಿದ್ರೆ ಮದ್ದೇ ಬೇಕಾಗ್ತಿರ್ಲಿಲ್ಲ ಅಲ್ಲ ಮಾರಾಯ್ತಿ!"

ಕೊನೆಗೆ ಮೆದುಳನ್ನು ತೆಗೆದು ಪರೀಕ್ಷಿಸಬೇಕು, ಹಾಗಾಗಿ ಚೇತರಿಸಿಕೊಂಡ ಇಲಿಯೂ ಉಳಿಯುವುದಿಲ್ಲ ಎಂದಾಗ ಅವರ ಮುಖ ಸಣ್ಣದಾಯಿತು. "ಗುಣ ಆದದ್ದನ್ನೂ?" ಅಂದರು. ಅಂಗಡಿಯ ಸಕ್ಕರೆ ಮೂಟೆಗೆ ಬಾಯಿ ಹಾಕಿದ ಇಲಿಗಳನ್ನು ಬೋನಿಗೆ ಬೀಳಿಸಿ ನೀರಲ್ಲಿ ಮುಳುಗಿಸುತ್ತಿದ್ದ ಮನುಷ್ಯ! ನನ್ನ ಇಲಿಗಳ ಮೇಲೆ ಮಾತ್ರ ಎಲ್ಲಿಲ್ಲದ ಮಮತೆ. ಅಂದಿನಿಂದ ನಾನು ರಜೆಗೆ ಬಂದು ಬಸ್ ಇಳಿಯುವಷ್ಟರಲ್ಲೇ ಅಂಗಡಿಯಿಂದ ಕೂಗು: "ಈ ಸಲ ಆದ್ರೂ ಒಂದು ಬದುಕಿತಾ?" ನಾನು ತಲೆ ತಗ್ಗಿಸಿ ನಡೆಯುತ್ತಿದ್ದೆ. ನಾನು ಕೈಗುಣವಿಲ್ಲದ ಡಾಕ್ಟರು ಎಂದು ಅರ್ಧ ಊರು ನಂಬಿತ್ತು.

ಹೀಗಿರುವಾಗ ಒಂದು ಬೇಸಿಗೆಯಲ್ಲಿ ಅವರ ನಾಯಿ ರಾಜನ ತಲೆಯ ಮೇಲೆ ಹಲಸಿನಹಣ್ಣು ಬಿತ್ತು. ನಾನು ಊರಲ್ಲೇ ಇದ್ದೆ. ಮಾವ ನಾಯಿಯನ್ನು ಎದೆಗವಚಿಕೊಂಡು ನಮ್ಮ ಮನೆಗೆ ಓಡಿ ಬಂದರು. "ಆ ಬಿಳೀ ಮದ್ದು ಕೊಡು. ಇವನ ತಲೆಗೆ ಯಾರೂ ಬೇಕಂತ ಹೊಡ್ದಿಲ್ಲ, ನಿಜವಾದ ಪೆಟ್ಟು!"

ಅದಿನ್ನೂ ಔಷಧಿಯೇ ಆಗಿಲ್ಲ, ಇಲಿಗಳಲ್ಲೇ ಒಂದು ಸಲ ಫಲ ಕೊಟ್ಟರೆ ಇನ್ನೊಂದು ಸಲ ಇಲ್ಲ, ನನ್ನ ಕೈಯಲ್ಲಿ ಏನೂ ಇಲ್ಲ ಎಂದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ದನದ ಡಾಕ್ಟರು ಬಂದು ಸೂಜಿ ಹಾಕಿದರು. "ಕತ್ತಲೆಯಲ್ಲಿ ಮಲಗಿಸಿ, ಸದ್ದು ಮಾಡಬೇಡಿ. ಎದ್ದರೆ ಎದ್ದ" ಅಂದರು. ಸದ್ದು ಮಾಡಬಾರದು! ಸೋಡಾ ಮಾವನಿಗೆ!

ಮಾವ ಯಂತ್ರಕ್ಕೆ ಗೋಣಿ ಹೊದಿಸಿದರು. ಗೋಲಿ ಸೋಡಾ ಬಂದ್, ಬರೀ ಶರಬತ್ತು. ಗಿರಾಕಿ ಬಾಯಿ ತೆರೆದರೆ ಸಾಕು, ತುಟಿಯ ಮೇಲೆ ಬೆರಳು, "ಶ್ಶ್!" ಅವರ ಬಾಯಿಗೆ ಹೆದರಿಯೋ, ನಾಯಿಯ ಮೇಲಿನ ಕನಿಕರಕ್ಕೋ, ಬಸ್ ಸ್ಟ್ಯಾಂಡಿಗೆ ಬಸ್ ಸ್ಟ್ಯಾಂಡೇ ಪಿಸುಗುಟ್ಟತೊಡಗಿತು. ಕಂಡಕ್ಟರೊಬ್ಬ ಕಿವಿಯಲ್ಲಿ ಗುಟ್ಟು ಹೇಳುವವನಂತೆ "ಎನ್.ಆರ್. ಪುರ, ಎನ್.ಆರ್. ಪುರ" ಅಂದದ್ದು ಕೇಳಿಸದೆ, ಪಕ್ಕದ ನಾರ್ವೆ ಊರಿನ ಒಂದು ದಿಬ್ಬಣ ಬಸ್ ತಪ್ಪಿಸಿಕೊಂಡು ದೊಡ್ಡ ಗಲಾಟೆ ಎದ್ದಿತು. ಗಲಾಟೆಯೂ ಪಿಸುಮಾತಿನಲ್ಲೇ ನಡೆಯಿತು. ನಾನು ಕಿಟಕಿಯಲ್ಲಿ ನಿಂತು ನಕ್ಕೆ. ಆದರೆ ಸಂಜೆ ಅಂಗಡಿಯ ಒಳಗೆ ಮಾವ ನಾಯಿಯ ಪಕ್ಕದಲ್ಲಿ ಮಾತಿಲ್ಲದೆ ಕೂತಿರುವುದನ್ನು ಕಂಡಾಗ ನಗು ಬರಲಿಲ್ಲ.

ರಾಜ ಎದ್ದ! ಆದರೆ ಕತ್ತು ಒಂದು ಕಡೆಗೆ ವಾಲಿಯೇ ಉಳಿಯಿತು, ಸದಾ ಏನೋ ಕೇಳುವವನ ಹಾಗೆ. "ನಿನ್ನನ್ನೇ ಕೇಳ್ತಿದಾನೆ ನೋಡು, ಇಲಿ ಎಂತ ತಪ್ಪು ಮಾಡಿತ್ತು ಅಂತ" ಎಂದು ಮಾವ ಹಳೆಯ ಗಂಟಲಲ್ಲಿ ಕೂಗಿದರು. ಊರಿಗೆಲ್ಲ ಅಂದು ಸೋಡಾ ಪುಕ್ಕಟೆ.

ಆಮೇಲೆ ನಮ್ಮ ಕೆಲಸ ನಿಂತುಹೋಯಿತು. ನೆಚ್ಚುವಂಥ ಫಲ ಸಿಗಲಿಲ್ಲ, ಹಣ ಕೊಡುವವರು ಕೈಬಿಟ್ಟರು. ನನ್ನ ಪ್ರಾಯದ ಒಳ್ಳೆಯ ವರ್ಷಗಳೆಲ್ಲ ನೀರುಪಾಲಾದವೆಂದು ಅಳು ಮೋರೆ ಹೊತ್ತು ಬಸ್ ಇಳಿದೆ. ಅದೇ ಕೂಗು: "ಒಂದಾದ್ರೂ ಬದುಕಿತಾ?"

"ಮುಚ್ಚಿಬಿಟ್ರು ಮಾವ. ಇನ್ನು ಇಲಿ ತರಿಸೋದಿಲ್ಲ."

ಅವರ ಮುಖವಿಡೀ ಅರಳಿತು. "ಹಾಗಾರೆ ಎಲ್ಲಾ ಬದುಕಿದ್ವು ಅನ್ನು!" ಎಂದವರೇ ಬಾಟಲಿ ತೆಗೆದು ಗೋಲಿ ಒತ್ತಿದರು. ರಾಜ ಕತ್ತು ವಾಲಿಸಿ ನನ್ನನ್ನೇ ನೋಡುತ್ತಿದ್ದ. ನಾನು ಅಳುತ್ತಲೇ ನಗುತ್ತಾ ಸೋಡಾ ಕುಡಿದೆ, ಮೂಗಿಗೇರಿತು...

ರಾಜ ಮೊದಲು ಹೋದ, ಆಮೇಲೆ ಮಾವ. ಅಂಗಡಿಯಿದ್ದಲ್ಲಿ ಈಗ ಮೊಬೈಲ್ ರಿಪೇರಿ. ನಾನು ಬೇರೊಂದು ಪ್ರಯೋಗಾಲಯದಲ್ಲಿದ್ದೇನೆ, ಅಲ್ಲೂ ಇಲಿಗಳಿವೆ. ಎಷ್ಟು ಪ್ರಬಂಧ ಬರೆದೆ, ಎಲ್ಲಿ ಅಚ್ಚಾಯಿತು ಎಂದು ಎಲ್ಲರೂ ವಿಚಾರಿಸುತ್ತಾರೆ. ಬದುಕಿತಾ ಎಂದು ಕೇಳುವವರಿಲ್ಲ.

ಮದುವೆಮನೆಯ ಆತ ಇನ್ನೂ ಬಾಟಲಿ ಹಿಡಿದು ಅಳುಕುತ್ತಾ ನಿಂತಿದ್ದ. "ಇನ್ನೊಂದು ತೆಗೀರಿ," ಅಂದೆ, "ಸದ್ದು ಜೋರಾಗಿಯೇ ಬರಲಿ."