ಮರಿಯ ಮೇಲೆ ಅಪ್ಪನ ಟವೆಲ್

ಸ್ನೇಹಿತರೇ, ಯಾರ ಜಾತಿಯನ್ನೂ ಕೇಳದ ನಮ್ಮಪ್ಪ ಇವತ್ತು ಜಾತಿ ನಾಯಿ ಹುಡುಕಿಕೊಂಡು ನನ್ನ ಜೊತೆ ಹುಳಿಯಾರಿಗೆ ಬಂದರು. ಅಲ್ಲೊಂದು ಲ್ಯಾಬ್ರಡಾರ್ ಮರಿ ಅಪ್ಪನ ಚಪ್ಪಲಿಯ ಮೇಲೆ ತಲೆಯಿಟ್ಟು ಮಲಗಿತು. ಅಪ್ಪ ಅಲ್ಲೇ ಕರಗಿಹೋದರು.

ಮರಿ ಕೊಡುವ ಜಬೀನಾ ಮೇಡಂ ನಾವು ಕೇಳುವ ಮೊದಲೇ ತಾಯಿನಾಯಿಯನ್ನು ತೋರಿಸಿದರು. ಆಮೇಲೆ ನಮ್ಮನ್ನೇ ಸಂದರ್ಶನ ಮಾಡಿದರು.

"ಎಲ್ಲಿ ಕಟ್ತೀರಾ?"

"ತೋಟದಲ್ಲಿ, ತೆಂಗಿನ ಮರಕ್ಕೆ" ಎಂದರು ಅಪ್ಪ.

"ತಲೆ ಮೇಲೆ ಕಾಯಿ ಬಿದ್ರೆ?"

"ಅಯ್ಯೋ, ಹಂಗಾದ್ರೆ ನನ್ನ ಮಂಚದ ಪಕ್ಕದಲ್ಲೇ ಮಲಗ್ಲಿ ಬುಡಮ್ಮ."

"ಸರಿ. ಆದ್ರೆ ಇನ್ನೂ ತಾಯಿ ಹಾಲು ಕುಡೀತಿದೆ, ಮುಂದಿನ ತಿಂಗಳು ಬನ್ನಿ. ಅಡ್ವಾನ್ಸ್ ಬೇಡ."

ಅಪ್ಪನಿಗೆ ಗಾಬರಿಯಾಯಿತು. "ಅಷ್ಟರೊಳಗೆ ಬೇರೆಯವ್ರು ಎತ್ಕೊಂಡೋದ್ರೆ?" ಎನ್ನುತ್ತಲೇ ಹೆಗಲ ಮೇಲಿನ ಟವೆಲ್ ತೆಗೆದು, ಬಸ್ಸಿನ ಸೀಟಿಗೆ ಹಾಕುವ ಹಾಗೆ ಮರಿಯ ಮೇಲೆ ಹಾಕಿಬಿಟ್ಟರು!

ಮೇಡಂ ನಕ್ಕರು. "ಇರ್ಲಿ ಬುಡಿ ಯಜಮಾನ್ರೇ, ನಿಮ್ಮ ವಾಸನೆ ಅಭ್ಯಾಸ ಆಗ್ಲಿ. ಇದು ನಿಮ್ದೇ."

ಮರಿ ಟವೆಲ್ಲಿನೊಳಗೆ ನುಸುಳಿ ನಿದ್ದೆ ಹೋಯಿತು.

ವಾಪಸು ಬರುವ ಬಸ್ಸು ತುಂಬಿತ್ತು. ಕಿಟಕಿಯಿಂದ ತೂರಿಸಿ ಜಾಗ ಹಿಡಿಯಲು ಟವೆಲ್ ಇರಲಿಲ್ಲ. ತಿಪಟೂರಿನವರೆಗೂ ನಿಂತೇ ಬಂದ ಅಪ್ಪನ ಮುಖದಲ್ಲಿ ಮಾತ್ರ ಕಿಟಕಿ ಪಕ್ಕದ ಸೀಟು ಸಿಕ್ಕವರ ಕಳೆಯಿತ್ತು.