ಬಾಂಡೆ ಅಂಗಡಿಯ ಕಾಕಾ ಮತ್ತು ನನ್ನ ಮೊದಲ ಫ್ಲೆಕ್ಸ್

ಕಳೆದ ತಿಂಗಳು ಪಾಮನಕಲ್ಲೂರಿನ ಒಂದು ಮನೆಗೆ ಕೆಲಸದ ಮಾತಿಗೆಂದು ಹೋಗಿದ್ದೆ. ಮಗಳ ಮದುವೆಗೆ ಮೊಬೈಲಿನಲ್ಲಿ ಕಳಿಸುವಂಥ ವಿಡಿಯೋ ಕರೆಯೋಲೆ ಬೇಕಾಗಿತ್ತು ಅವರಿಗೆ. ಬಿಸಿಲಲ್ಲಿ ಬಂದವಳೆಂದು ಮೊದಲು ಸ್ಟೀಲ್ ತಂಬಿಗೆಯಲ್ಲಿ ನೀರು ಕೊಟ್ಟರು. ಕುಡಿದು ಕೆಳಗಿಡುವಾಗ ಹೆಬ್ಬೆರಳಿಗೆ ಅಕ್ಷರಗಳು ತಾಕಿದವು. ಚುಕ್ಕಿ ಚುಕ್ಕಿಯಾಗಿ ಕೊರೆದಿದ್ದ 'ಸೋದರಮಾವನಿಂದ' ಎಂಬ ಬರಹ. 'ವ' ಅಕ್ಷರದ ಹೊಟ್ಟೆ ಊದಿಕೊಂಡಿತ್ತು, 'ದ' ಸ್ವಲ್ಪ ಹಿಂದಕ್ಕೆ ಒರಗಿತ್ತು. ಅದು ಯಾರ ಕೈ ಎಂದು ನನಗೆ ಕೂಡಲೇ ಗೊತ್ತಾಯಿತು.

"ಇದನ್ನ ಸಿಂಧನೂರಾಗ ಕೊರಸಿದ್ರೇನ್ರೀ?" ಎಂದು ಕೇಳಿದೆ.

"ಹೌದವ್ವ, ಆ ಮುದುಕ ಇದ್ನಲ್ಲ, ಅವನ ಕಡೆ. ಈಗ ಅವ ಇಲ್ಲಂತ" ಎಂದರು ಮನೆಯಾಕೆ.

ಆಮೇಲೆ ಬಣ್ಣ, ಹಾಡು, ಫೋಟೋ ಎಂದು ಅರ್ಧ ತಾಸು ಮಾತಾಡಿದೆವು. ಏನು ಮಾತಾಡಿದೆನೋ ಸರಿಯಾಗಿ ನೆನಪಿಲ್ಲ…

ನಾನು ಓದಿದ್ದು ಕ್ರಿಯೇಟಿವ್ ಮೀಡಿಯಾ. ಡಿಸೈನ್, ವಿಡಿಯೋ, ಅನಿಮೇಷನ್ ಎಲ್ಲವನ್ನೂ ಚೂರು ಚೂರು ಕಲಿಸುವ ಡಿಗ್ರಿ. ಕಲಬುರಗಿಯಲ್ಲಿ ಮೂರು ವರ್ಷ ಓದಿ ಮಸ್ಕಿಗೆ ವಾಪಸು ಬಂದಾಗ ಅದು ಏನು ಓದು ಎಂದು ಓಣಿಯವರಿಗೆ ತಿಳಿಸಿ ಹೇಳುವುದೇ ಒಂದು ಕೆಲಸವಾಯಿತು. ಅವ್ವ ಬೇಸತ್ತು "ಕಂಪ್ಯೂಟರ್ ಓದ್ಯಾಳ" ಎಂದು ಮುಗಿಸಿಬಿಡುತ್ತಿದ್ದಳು. ಅಪ್ಪ ಲಿಂಗಸುಗೂರಿನ ಕಚೇರಿಯೊಂದರಲ್ಲಿ ಗುಮಾಸ್ತ, ನಮ್ಮ ಮನೆತನಕ್ಕೆ ಮೊದಲ ಸರ್ಕಾರಿ ಪಗಾರ ತಂದವರು. ಪಡಸಾಲೆಯ ಗೋಡೆಯಲ್ಲಿ ಬುದ್ಧನ ಫೋಟೋದ ಕೆಳಗೆ ಅವರ ನೇಮಕಾತಿ ಆದೇಶಕ್ಕೂ ಒಂದು ಕಟ್ಟು ಹಾಕಿಸಿ ತೂಗುಹಾಕಿದ್ದರು. ಅಂಥವರ ಮುಂದೆ ನಾನು ಫ್ರೀಲಾನ್ಸ್ ಮಾಡುತ್ತೇನೆ ಎಂದೆ.

"ಅಂದ್ರ ದಿನಾ ಒಬ್ಬ ಹೊಸಾ ಮಾಲಕನ್ನ ಹುಡುಕಬೇಕು ಅನ್ನು" ಎಂದರು ಅಪ್ಪ. ಸ್ವಲ್ಪ ಹೊತ್ತು ಬಿಟ್ಟು, "ದೀಪಾವಳಿ ತನಕ ನೋಡು. ಆಗಲಿಲ್ಲಂದ್ರ ಧಾರವಾಡಕ್ಕ ಹೋಗಿ ಸರ್ಕಾರಿ ನೌಕರಿ ಪರೀಕ್ಷಾದ ಕೋಚಿಂಗ್ ಸೇರು" ಎಂದರು. ಬೈಯಲಿಲ್ಲ. ಬೈದಿದ್ದರೆ ತಿರುಗಿ ಒಂದು ಮಾತಾಡಬಹುದಿತ್ತು.

ಮಸ್ಕಿಯ ಬಸ್ ಸ್ಟ್ಯಾಂಡಿನಲ್ಲಿ ದಿನಾ ಬೆಳಿಗ್ಗೆ ಇಬ್ಬರೂ ಜೊತೆಗೆ ನಿಲ್ಲುತ್ತಿದ್ದೆವು. ಅವರು ಲಿಂಗಸುಗೂರಿನ ಕಡೆ, ನಾನು ಸಿಂಧನೂರಿನ ಕಡೆ. ಸಿಂಧನೂರಿನಲ್ಲಿ ಕಾಲುವೆಯ ನೀರಿದೆ, ಭತ್ತವಿದೆ, ದುಡ್ಡು ಓಡಾಡುತ್ತದೆ, ನನಗೂ ಕೆಲಸ ಸಿಕ್ಕೀತೆಂದು ನನ್ನ ಲೆಕ್ಕ. ಲ್ಯಾಪ್‌ಟಾಪಿನ ಚೀಲ ಹೆಗಲಿಗೆ ಹಾಕಿಕೊಂಡು ಅಂಗಡಿ ಅಂಗಡಿ ಹತ್ತಿ ಇಳಿದೆ. ಎಲ್ಲರೂ ಮರ್ಯಾದೆಯಿಂದಲೇ ಮಾತಾಡಿಸುತ್ತಿದ್ದರು, ಎಲ್ಲರೂ ಕೇಳುವುದು ಒಂದೇ: "ನಿಮ್ಮ ಕಡೆ ಪ್ರಿಂಟ್ ಮಷಿನ್ ಐತೇನ್ರೀ?" ಇಲ್ಲವೆಂದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಫ್ಲೆಕ್ಸ್ ಅಂಗಡಿಗಳಲ್ಲಿ ಪ್ರಿಂಟಿಗೆ ಕೊಟ್ಟರೆ ಡಿಸೈನ್ ಪುಕ್ಕಟೆ. ಪುಕ್ಕಟೆ ಸಿಗುವುದನ್ನು ಕೊಳ್ಳಿ ಎಂದು ಬಾಗಿಲಿಗೆ ಬಂದ ಹುಡುಗಿಯನ್ನು ಅವರಾದರೂ ಏನು ಮಾಡಬೇಕು?

ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಲು ಒಂದು ಜಾಗ ಸಿಗುತ್ತಿರಲಿಲ್ಲ. ಬಸ್ ಸ್ಟ್ಯಾಂಡಿನ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತು ರೊಟ್ಟಿ ಮುರಿಯುತ್ತಿದ್ದೆ. ಕ್ಲಾಸಿನ ಗೆಳತಿಯರ ವಾಟ್ಸಾಪ್ ಗುಂಪಿನಲ್ಲಿ ಹಬ್ಬದ ಶುಭಾಶಯ ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ. ಆ ತಿಂಗಳುಗಳಲ್ಲಿ ನಾನು ಮಾತಾಡಿದ್ದೆಲ್ಲ ಅಪರಿಚಿತರ ಜೊತೆ, ಅದೂ ನನ್ನನ್ನು ನಾನೇ ಹೊಗಳಿಕೊಳ್ಳುವ ಮಾತು. ಇಷ್ಟು ದೊಡ್ಡ ಊರಿನಲ್ಲಿ ಯಾರಿಗೂ ಬೇಡದವಳಾಗಿದ್ದೇನೆ ಅನಿಸುತ್ತಿತ್ತು.

ಕಾಕಾ ಪರಿಚಯವಾದದ್ದು ಅವ್ವನ ದೆಸೆಯಿಂದ. ನೆಂಟರ ಮದುವೆಗೆ ಒಂದು ಕೊಡ ಕೊಂಡು, ಅದರ ಮೇಲೆ ಹೆಸರು ಕೊರೆಸಿಕೊಂಡು ಬಾ ಎಂದು ಕಳಿಸಿದ್ದಳು. ಸಣ್ಣ ಗಲ್ಲಿಯಲ್ಲಿ ಪಾತ್ರೆ ಬಾಂಡೆಗಳ ಅಂಗಡಿ ಅವರದು. ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ, ಮೂಗಿನ ತುದಿಗೆ ಜಾರಿದ ಚಾಳೀಸು. ಕೊಡವನ್ನು ತೊಡೆಯ ಮೇಲಿಟ್ಟುಕೊಂಡು, ಕೊರೆಯುವ ಮಷಿನ್ ಕೈಗೆತ್ತಿಕೊಂಡು ಅವರು ಕೇಳಿದ್ದು ಎರಡೇ ಮಾತು: "ಯಾರಿಂದ? ಯಾರಿಗೆ?"

ಬರೀ ಅಪ್ಪನ ಹೆಸರು ಹಾಕಿ ಎಂದೆ. ಅವರು ಒಪ್ಪಲಿಲ್ಲ. "ಬರೇ ಹೆಸರು ಹಾಕಿದ್ರ ಬಾಂಡೆ ನಿಮ್ಮದ ಅನ್ನಸ್ತತಿ. ಕೊಡಾಕತ್ತೀರಲ್ಲ? ಕೊಡಾವ್ರು ಯಾರು, ತಗೊಳ್ಳಾವ್ರು ಯಾರು, ಅವರಿಗೆ ಇವರು ಏನಾಗಬೇಕು, ಅದನ್ನ ಹೇಳು." ಸಂಬಂಧ ಗೊತ್ತಾಗದೆ ಮಷಿನ್ ಚಾಲು ಮಾಡುವ ರೂಢಿಯೇ ಅವರಿಗಿರಲಿಲ್ಲ. ಅವ್ವನಿಗೆ ಫೋನ್ ಮಾಡಿ ಕೇಳಿ ಹೇಳಿದೆ. ಮಷಿನ್ ಗುಂಯ್ ಎಂದು ಕೊಡದ ಮೇಲೆ ಓಡತೊಡಗಿತು. ಗೆರೆ ಎಳೆದುಕೊಳ್ಳದೆ, ಅಳತೆ ಮಾಡದೆ, ದುಂಡನೆಯ ಕೊಡದ ಸುತ್ತ ಅಕ್ಷರಗಳನ್ನು ನೇರ ಕೂರಿಸುತ್ತಿದ್ದರು. ಅಕ್ಷರ ಜೋಡಿಸುವ ಪಾಠವನ್ನು ಒಂದು ಸೆಮಿಸ್ಟರ್ ಪೂರ್ತಿ ಓದಿದ್ದ ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ನೋಡುವುದನ್ನು ನೋಡಿ ಅವರು ಏನು ಓದಿದ್ದೀಯೆಂದು ಕೇಳಿದರು. ಹೇಳಿದೆ. ದೀಪಾವಳಿಯ ಗಡುವನ್ನೂ ಹೇಳಿಬಿಟ್ಟೆ. ಯಾಕೆ ಹೇಳಿದೆನೋ… ಅಷ್ಟು ದಿನದಲ್ಲಿ ಕೂಡಿಸಿಕೊಂಡು ಕೇಳಿದವರು ಅವರೊಬ್ಬರೇ.

ಮರುದಿನದಿಂದ ನನ್ನ ಊಟ ಅವರ ಅಂಗಡಿಯಲ್ಲಿ. ಕೊಪ್ಪರಿಗೆಗಳ ನಡುವೆ ಒಂದು ಸ್ಟೂಲು ಹಾಕಿಕೊಟ್ಟಿದ್ದರು. ದಸರೆಯ ಹೊತ್ತಿಗೆ ಅಂಗಡಿಯನ್ನು ಗಲ್ಲಿಯಿಂದ ಮುಖ್ಯ ರಸ್ತೆಗೆ ಬದಲಾಯಿಸುವುದಿತ್ತು. ಒಂದು ದಿನ ನನ್ನ ಕೈಗೆ ಒಂದು ಲಕೋಟೆ ಕೊಟ್ಟರು. "ಹೊಸಾ ದುಕಾನಕ್ಕ ಫ್ಲೆಕ್ಸ್ ನೀನ ಮಾಡು. ಪ್ರಿಂಟ್ ಎಲ್ಲರೆ ಹಾಕಸೋಣು. ಮಾಡಿದ್ದಕ್ಕ ನಿನಗ ಬ್ಯಾರೆ ಕೊಡ್ತೀನಿ." ನನ್ನ ಮೊದಲ ಗಿರಾಕಿ. ಆ ದಿನ ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿ ಕೂತು ಅತ್ತೆ.

ಲಕೋಟೆಯಲ್ಲಿ ಮೂರು ಫೋಟೋ ಇದ್ದವು. ತೀರಿಹೋದ ಅವರ ತಂದೆಯದು, ಅವರದು, ಅವರ ಅಣ್ಣನದು. ಅಣ್ಣ ಲಿಂಗಸುಗೂರಿನಲ್ಲಿ ತಂದೆಯ ಕಾಲದ ಬಾಂಡೆ ಅಂಗಡಿ ನಡೆಸುತ್ತಿದ್ದರು. ಪಾಲಾದ ಮೇಲೆ ಇಬ್ಬರಿಗೂ ಮಾತಿಲ್ಲ. ಈಗ ಕಾಕಾ ತಾವೇ ಹೋಗಿ ಕರೆದು ಬಂದಿದ್ದರು, ಅಣ್ಣ ಬರುತ್ತೇನೆ ಅಂದಿದ್ದರು. ಇದನ್ನೆಲ್ಲ ಕಾಕಾ ನನಗೆ ಹೇಳಿದ್ದರು. ಕೇಳಿಸಿಕೊಂಡೂ ಇದ್ದೆ. ಆದರೆ ನನ್ನ ತಲೆಯಲ್ಲಿ ತುಂಬಿದ್ದು ಬೇರೆ. ಒಳ್ಳೆಯ ಡಿಸೈನಿನಲ್ಲಿ ಕಣ್ಣಿಗೆ ವಿಶ್ರಾಂತಿ ಕೊಡುವ ಖಾಲಿ ಜಾಗವಿರಬೇಕು ಎಂದು ಮೂರು ವರ್ಷ ಕಲಿತಿದ್ದೆನಲ್ಲ! ಅಣ್ಣನ ಫೋಟೋ ಹಳೆಯದು, ಮಸುಕು. ಮೂರು ಮುಖ ಜಾಸ್ತಿಯಾಯಿತು ಎಂದುಕೊಂಡು ಅದನ್ನು ತೆಗೆದುಬಿಟ್ಟೆ. ಎಡಗಡೆ ಮೇಲೆ ತಂದೆ, ಕೆಳಗೆ ಕೈಮುಗಿದ ಕಾಕಾ, ನಡುವೆ ಅಂಗಡಿಯ ಹೆಸರು, ತಂದೆಯ ಮಗ್ಗುಲಿಗೆ ತಿಳಿ ಹಳದಿಯ ಖಾಲಿ ಜಾಗ. ನನ್ನ ಕಣ್ಣಿಗೆ ಬಲು ಚೆಂದ ಕಂಡಿತು. ಮೊಬೈಲಿನಲ್ಲಿ ತೋರಿಸಿದಾಗ ಕಾಕಾನ ಕೈಯಲ್ಲಿ ಕೊರೆಯುವ ಕೆಲಸವಿತ್ತು. ಬೆರಳಗಲದ ಚಿತ್ರದ ಮೇಲೆ ಕಣ್ಣಾಡಿಸಿ, "ನೀ ಓದಿದಾಕಿ, ನಿನಗ ಗೊತ್ತಿರ್ತತಿ" ಎಂದರು. ಒಂದು ಫೋಟೋ ಬಿಟ್ಟಿದ್ದೇನೆ ಎಂದು ನಾನು ಬಾಯಿಬಿಟ್ಟು ಹೇಳಲಿಲ್ಲ.

ನಮ್ಮ ಕಡೆ ಫ್ಲೆಕ್ಸನ್ನು ಓದುವುದಕ್ಕಿಂತ ಮುಂಚೆ ಜನ ಮುಖಗಳನ್ನು ಎಣಿಸುತ್ತಾರೆ. ಯಾರಿದ್ದಾರೆ, ಯಾರಿಲ್ಲ, ಯಾರು ಯಾರ ಮೇಲಿದ್ದಾರೆ. ಇದು ಗೊತ್ತಿಲ್ಲದವಳೇನಲ್ಲ ನಾನು, ಹುಟ್ಟಿದಾಗಿನಿಂದ ನೋಡಿದ್ದೇ. ಓದಿದ ಮೇಲೆ ಮರೆತಿದ್ದೆ.

ಅಂಗಡಿ ತೆರೆಯುವ ದಿನ ಬೆಳಿಗ್ಗೆ ಅಣ್ಣ ಕಾರು ಮಾಡಿಕೊಂಡು ಬಂದರು. ತಂದೆಯ ಅಂಗಡಿಯಿಂದ ದೀಪ ಹಚ್ಚುವ ಒಂದು ಹಿತ್ತಾಳೆ ಸಮೆ ತಂದಿದ್ದರು. ಅದನ್ನು ಎದೆಗಾನಿಸಿ ಹಿಡಿದುಕೊಂಡು ರಸ್ತೆಯಲ್ಲೇ ನಿಂತು ತಲೆಯೆತ್ತಿ ಫ್ಲೆಕ್ಸ್ ನೋಡಿದರು. ಮೊದಲು ಮಾತಾಡಿದವರು ಪಕ್ಕದ ಕಿರಾಣಿ ಅಂಗಡಿಯವರು.

"ಅಪ್ಪನ ಮಗ್ಗಲ ಯಾರ ಫೋಟೋ ತಗದೀರಿ? ಜಾಗಾ ಖಾಲಿ ಕಾಣತೈತಿ."

ಕಾಕಾ ಹೊರಗೆ ಬಂದು ಮೇಲೆ ನೋಡಿದರು. ಆಗಲೇ ಅವರು ಅದನ್ನು ಸರಿಯಾಗಿ ನೋಡಿದ್ದು. ಬೀಜದ ಅಂಗಡಿಯವರು, ಶಿಶುವಿಹಾರ ನಡೆಸುವ ಮೇಡಂ, ಬಜಾರಿನ ಹತ್ತಿಪ್ಪತ್ತು ಮಂದಿ ಎಲ್ಲರೂ ನೋಡುತ್ತಿದ್ದರು. ಇದನ್ನು ಮಾಡಿದವರು ಯಾರು ಎಂದು ಯಾರೋ ಕೇಳಿದರು. ಕಾಕಾ ನನ್ನ ಕಡೆ ತಿರುಗಿದರು. ಲ್ಯಾಪ್‌ಟಾಪಿನ ಚೀಲ ಅಪ್ಪಿಕೊಂಡು ನಿಂತಿದ್ದೆ.

"ನಾನ ಹಂಗ ಬಿಡು ಅಂತ ಹೇಳಿದ್ದೆ" ಎಂದರು ಕಾಕಾ. "ಹುಡುಗಿ ಕೆಲಸ ಚೊಲೋ ಮಾಡ್ಯಾಳ."

ಅಣ್ಣ ಸಮೆಯನ್ನು ಹೊಸ್ತಿಲ ಮೇಲಿಟ್ಟು, ಒಂದು ಗುಟುಕು ನೀರೂ ಕುಡಿಯದೆ ಕಾರು ಹತ್ತಿದರು.

ಮಂದಿ ಊಟ ಮಾಡಿ ಹೋದ ಮೇಲೆ ನಾನು, "ಕಾಕಾ, ಲಿಂಗಸುಗೂರಿಗೆ ಹೋಗಿ ಇದು ನನ್ನ ತಪ್ಪು ಅಂತ ಹೇಳಿ ಬರ್ತೀನಿ" ಎಂದೆ.

"ಬ್ಯಾಡ. ಈಗ ಹೇಳಿದ್ರ ಬಜಾರದಾಗ ನಾಕು ಮಂದಿ ಬಾಯಿಗೆ ಬೀಳ್ತತಿ, ನಿನ್ನ ಕಡೆ ಯಾರೂ ಬರಂಗಿಲ್ಲ. ದೀಪಾವಳಿ ಮುಂದ ಐತಿ" ಎಂದರು. "ಅಣ್ಣ ಅದಾನ, ಎಷ್ಟ ದಿನ ಸಿಟ್ಟ ಮಾಡ್ತಾನ? ತಾನ ಬರ್ತಾನ."

ನನಗೆ ಸಮಾಧಾನವಾಯಿತು. ನಾಚಿಕೆಯಾಗಬೇಕಾದ ಕಡೆ ಸಮಾಧಾನವಾಯಿತು, ಅದನ್ನು ಮುಚ್ಚಿಡುವುದಿಲ್ಲ. ಎರಡು ದಿನ ಬಿಟ್ಟು ನೋಡಿದರೆ ಅಂಗಡಿಯ ಮೇಲೆ ಬೇರೆ ಫ್ಲೆಕ್ಸ್ ಇತ್ತು, ಮೂರೂ ಫೋಟೋ ಇದ್ದದ್ದು. ನನ್ನದನ್ನು ಮಡಚಿ ಒಳಗೆ ಕೊಪ್ಪರಿಗೆಗಳಿಗೆ ಧೂಳು ಕೂರದಂತೆ ಹೊದಿಸಿದ್ದರು.

ಬೀಜದ ಅಂಗಡಿಯವರು ಚೀಲದ ಮೇಲಿನ ಚಿತ್ರಕ್ಕೆಂದು ಕರೆದರು. ಮೇಡಂ ಶಿಶುವಿಹಾರದ ವಿಡಿಯೋ ಮಾಡಿಸಿದರು. ಇಬ್ಬರನ್ನೂ ಕಳಿಸಿದವರು ಕಾಕಾ. ದೀಪಾವಳಿ ಬಂತು, ಹೋಯಿತು, ಅಪ್ಪ ಧಾರವಾಡದ ಮಾತೆತ್ತಲಿಲ್ಲ. ಆಮೇಲೆ ಒಬ್ಬರಿಂದ ಒಬ್ಬರಿಗೆ ಗೊತ್ತಾಗಿ, ವಳಕಮದಿನ್ನಿಯಂಥ ಹಳ್ಳಿಯಿಂದಲೂ ಕೆಲಸ ಬರತೊಡಗಿತು. ಹೊಸ ಗಿರಾಕಿ ಬಂದರೆ ನಾನೂ ಮೊದಲು "ಯಾರಿಂದ? ಯಾರಿಗೆ?" ಎಂದೇ ಕೇಳುತ್ತೇನೆ.

ಅಣ್ಣ ಮಾತ್ರ ಬರಲಿಲ್ಲ. ಹೊಸ ಫ್ಲೆಕ್ಸ್ ಹಾಕಿದ ಮೇಲೆ ಕಾಕಾ ಒಮ್ಮೆ ಲಿಂಗಸುಗೂರಿಗೆ ಹೋಗಿ ಬಂದಿದ್ದರಂತೆ, ಅಣ್ಣ ಒಳಗಿನಿಂದ ಎದ್ದು ಬಂದಿರಲಿಲ್ಲ. ಸಿಂಧನೂರಿಗೆ ನಾನು ಬರುತ್ತಿದ್ದ ಬಸ್ಸು ಲಿಂಗಸುಗೂರಿನಿಂದಲೇ ಹೊರಟು ಮಸ್ಕಿಯ ಮೇಲೆ ಹಾಯ್ದು ಬರುವಂಥದು. ದಿನಾ ಕಾಕಾ ಕೇಳುತ್ತಿದ್ದರು, "ಬಸ್ಸಿನಾಗ ನಮ್ಮವರು ಯಾರರೆ ಇದ್ರೇನು?" ನಾನು ಇಲ್ಲ ಎನ್ನುತ್ತಿದ್ದೆ. ಮಷಿನ್ ಮತ್ತೆ ಚಾಲು ಮಾಡುತ್ತಿದ್ದರು. ನಾಲ್ಕು ವರ್ಷ ಹೀಗೆ ನಡೆಯಿತು.

ಒಂದು ಸಲ ಗಟ್ಟಿ ಮನಸ್ಸು ಮಾಡಿ ಲಿಂಗಸುಗೂರಿಗೆ ಹೋದೆ. ಅಣ್ಣನ ಅಂಗಡಿಯ ಮೆಟ್ಟಿಲು ಹತ್ತಿದೆ. "ಏನ್ ಬೇಕಬೇ?" ಎಂದರು. ಒಂದು ಜರಡಿ ಕೊಂಡು ವಾಪಸು ಬಂದೆ.

ಹೋದ ಮಳೆಗಾಲದಲ್ಲಿ ಕಾಕಾ ಹೋದರು. ಅಂಗಡಿಯಲ್ಲಿ ಕೂತವರು ಕೂತಂತೆಯೇ… ಅಂತ್ಯಕ್ರಿಯೆಗೆ ಅಣ್ಣ ಬಂದಿದ್ದರು. ಮನೆಯೊಳಗೆ ಬರಲಿಲ್ಲ, ರಸ್ತೆಯ ಆಚೆ ಬದಿಗೆ ಒಬ್ಬರೇ ನಿಂತಿದ್ದರು. ನಾನು ಈಚೆ ಬದಿಗೆ ನಿಂತಿದ್ದೆ. ದಾಟಲಿಲ್ಲ.

ಪಾಮನಕಲ್ಲೂರಿನಿಂದ ಬಂದ ಮರುದಿನ ಬಸ್ ಸ್ಟ್ಯಾಂಡಿನಲ್ಲಿ ಅಪ್ಪನ ಜೊತೆಗೇ ಲಿಂಗಸುಗೂರಿನ ಬಸ್ಸು ಹತ್ತಿದೆ. ಅಪ್ಪ ಸರಿದು ಪಕ್ಕದಲ್ಲಿ ಜಾಗ ಮಾಡಿಕೊಟ್ಟರು. ಅಣ್ಣನ ಅಂಗಡಿಯಲ್ಲಿ ಆಗಿನ್ನೂ ಗಿರಾಕಿಗಳಿರಲಿಲ್ಲ. ನಿಂತಲ್ಲೇ ಎಲ್ಲ ಹೇಳಿದೆ. ಫೋಟೋ ಕಾಕಾ ತಾವೇ ಕೊಟ್ಟಿದ್ದರು, ಫ್ಲೆಕ್ಸಿನಿಂದ ಅದನ್ನು ತೆಗೆದವಳು ನಾನು, ಕಾಕಾನಿಗೆ ಗೊತ್ತೇ ಇರಲಿಲ್ಲ ಎಂದು. ಅವರು ತಲೆಯೆತ್ತಿ ನನ್ನನ್ನು ನೋಡಿದರು. ಕೆನ್ನೆ, ಮೂಗು ಎಲ್ಲ ಕಾಕಾನದೇ.

"ಅವ ಯಾಕ ಹೇಳಲಿಲ್ಲ?"

"ನನಗ ಯಾರೂ ಕೆಲಸ ಕೊಡಂಗಿಲ್ಲ ಅಂತ ರೀ."

"ಆಮ್ಯಾಲ ನಿನಗ ಕೆಲಸ ಸಿಕ್ವು?"

"ಸಿಕ್ವು ರೀ."

"ಸಿಕ್ಕ ಮ್ಯಾಲ ನೀ ಯಾಕ ಹೇಳಲಿಲ್ಲ?"

ಗದರಿ ಕೇಳಲಿಲ್ಲ, ತಿಳಿದುಕೊಳ್ಳಬೇಕೆಂದೇ ಕೇಳಿದರು. ಅಂಜಿದ್ದೆ ಎನ್ನಲು ಬಾಯಿ ತೆರೆದೆ. ಆದರೆ ದೀಪಾವಳಿ ದಾಟಿದ ಮೇಲೆ ನನಗೆ ಅಂಜಲು ಏನೂ ಉಳಿದಿರಲಿಲ್ಲ, ಹೇಳದೆ ಇರುವುದು ಸುಲಭವಾಗಿತ್ತು, ಅಷ್ಟೇ. ಅವರು ನಾನು ಹೇಳುವುದನ್ನು ಕಾಯುತ್ತ ಕೂತೇ ಇದ್ದರು.