ಹೋದ ಎಂಜಿನ್ ಮತ್ತೆ ಬಂದ ದಿನ

ಓಡಿ ಹೋಗಿ ನಿಮ್ಮಕ್ಕನಿಗೆ ಹೇಳು ಅಂದರು. ನಾನು ಹೋಗಲಿಲ್ಲ. ನಿಂತ ಜಾಗದಿಂದಲೇ ಒಂದು ಸಲ ಕೂಗಿದ್ದರೂ ಸಾಕಿತ್ತು, ಕೂಗಲೂ ಇಲ್ಲ. ಇಷ್ಟು ವರ್ಷ ಎದೆಯೊಳಗೆ ಇಟ್ಟುಕೊಂಡು ಬದುಕಿದ್ದು ಇಷ್ಟೇ ಸಂಗತಿ. ಹೋದ ವರ್ಷ ಹುಣಸೂರಿನಲ್ಲಿ ಕುಡುಗೋಲು ತಟ್ಟಿಸಲು ಕುಲುಮೆಯ ಮುಂದೆ ಕೂತಿದ್ದೆ. ಕಮ್ಮಾರ ಕಲ್ಲಿದ್ದಲಿನ ಕೆಂಡದ ಮೇಲೆ ಒಂದು ಬೊಗಸೆ ನೀರು ಚಿಮುಕಿಸಿದ. ಗಂಧಕದ ಘಾಟು, ಒದ್ದೆ ಬೂದಿಯ ವಾಸನೆ, ಕಾದ ಕಬ್ಬಿಣದ ವಾಸನೆ ಮೂರೂ ಒಟ್ಟಿಗೆ ಎದ್ದು ಮೂಗಿಗೆ ಬಡಿದವು. ಕುಡುಗೋಲನ್ನು ಅಲ್ಲೇ ಬಿಟ್ಟು ಎದ್ದು ಬಂದು ಬಸ್‌ ಸ್ಟ್ಯಾಂಡಿನ ಕಟ್ಟೆಯ ಮೇಲೆ ಬಹಳ ಹೊತ್ತು ಕೂತೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಬರೆದು ಅಭ್ಯಾಸವಿಲ್ಲ. ಆದರೂ ನಿಮ್ಮಲ್ಲಿ ಯಾರಾದರೂ ಒಡಹುಟ್ಟಿದವರ ಮೇಲೆ ಒಂದು ಸಣ್ಣ ಸುಳ್ಳು ಹೊರಿಸಿ ಸುಮ್ಮನಾಗಿದ್ದರೆ, ಇದು ಅರ್ಥವಾದೀತು ಎಂದು ಬರೆಯುತ್ತಿದ್ದೇನೆ.

ನಮ್ಮ ಮನೆ ಕೆ.ಆರ್. ನಗರದಲ್ಲಿ ರೈಲು ಗೇಟಿನ ಪಕ್ಕದ ಸಾಲಿನಲ್ಲಿತ್ತು. ಆಗ ಸಣ್ಣ ಹಳಿಯ ಗಾಡಿ, ಮೈಸೂರಿನಿಂದ ಹಾಸನದ ಕಡೆಗೆ ಹೋಗುತ್ತಿದ್ದದ್ದು. ಒಂದೇ ಕೋಣೆ, ಮೇಲೆ ತಗಡು, ಬಾಗಿಲಿಗೆ ಹಳಿಯ ಕೆಳಗಿಂದ ತೆಗೆದು ಹಾಕಿದ ಹಳೆಯ ಮರದ ದಿಮ್ಮಿಯೇ ಹೊಸಿಲು. ಅದಕ್ಕೆ ಎಷ್ಟು ಸಲ ಸಾರಿಸಿ ಕುಂಕುಮ ಇಟ್ಟರೂ ಬಿಸಿಲೇರಿದರೆ ಡಾಂಬರು ವಾಸನೆ ಬಿಡುತ್ತಿತ್ತು. ಅಪ್ಪ ಅಕ್ಕಿ ಮಿಲ್ಲಿನಲ್ಲಿ ಮೂಟೆ ಹೊರುತ್ತಿದ್ದರು. ಸಂಜೆ ಬಂದಾಗ ರೆಪ್ಪೆಯ ಮೇಲೂ ತೌಡು ಕೂತಿರುತ್ತಿತ್ತು. ಅವ್ವ ಬೆಳಗಿನ ಗಾಡಿಗೆ ಇಡ್ಲಿ ಮಾಡಿ ಮಾರುತ್ತಿದ್ದಳು. ಎಣ್ಣೆ ಡಬ್ಬ ಕತ್ತರಿಸಿ ಕಂಬಿ ಕೂರಿಸಿದ ಅವಳ ಒಲೆಗೆ ಸೌದೆ ಹಾಕಿದ್ದನ್ನು ನಾನು ನೋಡಿದ್ದೇ ಇಲ್ಲ. ಅದು ಉರಿಯುತ್ತಿದ್ದದ್ದು ಎಂಜಿನ್ ಉದುರಿಸಿದ ಅರೆಸುಟ್ಟ ಕಲ್ಲಿದ್ದಲಿನಿಂದ. ಆಯ್ದು ತರುತ್ತಿದ್ದವಳು ನನ್ನ ಅಕ್ಕ, ದೇವೀರಮ್ಮ. ಅವಳಿಗೆ ಹದಿನಾಲ್ಕು, ನನಗೆ ಒಂಬತ್ತು. ಅವಳ ಉಗುರಿನ ಸಂದಿನ ಕಪ್ಪು ಎಷ್ಟು ಸೀಗೆಪುಡಿ ಹಾಕಿ ತಿಕ್ಕಿದರೂ ಹೋಗುತ್ತಿರಲಿಲ್ಲ. ಮನೆಗೆ ಬೇಕಾದಷ್ಟು ಇಟ್ಟುಕೊಂಡು ಮಿಕ್ಕಿದ್ದನ್ನು ಪಾತ್ರೆಗೆ ಕಲಾಯಿ ಹಾಕುವ ಬಷೀರ್ ಸಾಬರಿಗೆ ಕೊಡುತ್ತಿದ್ದೆವು. ಅವರು ಪ್ರತಿಯಾಗಿ ನಮ್ಮ ಪಾತ್ರೆಗಳಿಗೆ ಕಲಾಯಿ ಹಾಕಿ ಕನ್ನಡಿಯ ಹಾಗೆ ಹೊಳೆಸಿ ಕೊಡುತ್ತಿದ್ದರು.

ಇದ್ದಲು ಆಯುವುದಕ್ಕೂ ಒಂದು ಕ್ರಮವಿತ್ತು. ಗಾಡಿ ಬಂದು ನೀರಿನ ಕಂಬದ ಕೆಳಗೆ ನಿಲ್ಲುತ್ತಿತ್ತು. ಎಂಜಿನ್ ನೀರು ಕುಡಿಯುವಷ್ಟರಲ್ಲಿ ಹೊಟ್ಟೆಯ ಕೆಳಗಿಂದ ಬೂದಿ, ಕೆಂಡ ಉದುರಿಸುತ್ತಿದ್ದರು. ಎರಡು ಸಲ ಕೂಗಿ ಹೊರಟಿತೆಂದರೆ ಮುಗಿಯಿತು, ಸಂಜೆಯ ತನಕ ಹಳಿ ನಮ್ಮದು. ಪಕ್ಕದ ಹಳಿಗೆ ಯಾವುದಾದರೂ ಗಾಡಿ ಬಂದರೂ ಎರಡು ಮಾರು ಸರಿದು ಬೆನ್ನು ತಿರುಗಿಸಿ ನಿಂತರೆ ಸಾಕು, ಸೀರೆಯ ಸೆರಗಿಗೆ ಗಾಳಿ ತಗುಲಿ ಹೋಗುತ್ತಿತ್ತು ಅಷ್ಟೆ. ಅಕ್ಕ ಬಿಸಿ ಬೂದಿಗೆ ನೀರು ಎರಚಿ, ಬುಸ್ಸೆಂದು ಎದ್ದ ಹಬೆ ಇಳಿದ ಮೇಲೆ, ಕೈಯಲ್ಲಿ ತೂಗಿ ನೋಡಿಯೇ ಹೇಳುತ್ತಿದ್ದಳು, ಯಾವುದು ಪೂರ್ತಿ ಸುಟ್ಟ ಕಿಟ್ಟ, ಯಾವುದರ ಒಳಗೆ ಇನ್ನೂ ಉರಿ ಉಳಿದಿದೆ ಅಂತ. ನನ್ನ ಕೆಲಸ ಗೇಟಿನ ಹತ್ತಿರ ನಿಂತು ನೋಡುತ್ತಿರುವುದು, ಏನಾದರೂ ಕಂಡರೆ ಕೂಗುವುದು.

ಎಪ್ಪತ್ತರ ದಶಕ ಶುರುವಾದ ಹೊಸದರಲ್ಲಿ ಒಂದು ಭಾನುವಾರ ವಿಶೇಷ ಗಾಡಿ ಬರುತ್ತದೆಂದು ಸುದ್ದಿಯಾಯಿತು. ಶೆಡ್ಡಿನಲ್ಲಿ ತುಕ್ಕು ಹಿಡಿದು ನಿಂತಿದ್ದ ಹಳೇ ಕಾಲದ ಎಂಜಿನ್ನೊಂದನ್ನು ಬಿಚ್ಚಿ, ರಿಪೇರಿ ಮಾಡಿ, ಬಣ್ಣ ಹೊಡೆದು ಓಡಿಸುತ್ತಾರಂತೆ, ಅದರಲ್ಲಿ ಕೂತು ಬರುವುದಕ್ಕೆ ದೇಶ ದೇಶದಿಂದ ಜನ ಬಂದಿದ್ದಾರಂತೆ ಎಂದು ಮಿಲ್ಲಿನಲ್ಲಿ ಕೇಳಿಕೊಂಡು ಬಂದ ಅಪ್ಪ ಹೇಳಿದರು. ಅವ್ವ ನಕ್ಕಳು. “ಯಾವ್ ಊರ್ಗೋ ಓಗಕೆ ರೈಲತ್ತಾರೆ ಅಂದ್ರೆ ಸರಿ. ರೈಲ್ ನೋಡಕೇ ರೈಲತ್ತಾರಾ?” ಅಂದಳು. ನನಗೂ ನಂಬಿಕೆ ಬಂದಿರಲಿಲ್ಲ. ದಿನವೂ ಬರುತ್ತಿದ್ದ ಎಂಜಿನ್ನುಗಳು ಎಣ್ಣೆ ಜಿಡ್ಡು ಹತ್ತಿದ ಕರಿ ಎಮ್ಮೆಗಳ ಹಾಗಿದ್ದವು. ಆದರೆ ಅವತ್ತು ಬಂದದ್ದು ಬೇರೆಯೇ ಏನೋ. ಮೈಗೆ ಬಾಳೆಲೆಯ ಹಸಿರು ಬಣ್ಣ, ನೆತ್ತಿಯ ಮೇಲೆ ಹುಣಸೆಹಣ್ಣು ಹಾಕಿ ಬೆಳಗಿದಂಥ ಹಿತ್ತಾಳೆ, ಚಕ್ರಕ್ಕೆ ಕೆಂಪು ಅಂಚು, ಮೂತಿಗೆ ಸೇವಂತಿಗೆ ಹಾರ. ಬಿಡುತ್ತಿದ್ದ ಉಸಿರು ಕೂಡ ಮೆತ್ತಗಿತ್ತು.

ನಿಂತಿತೋ ಇಲ್ಲವೋ ಮೂವತ್ತು ನಲವತ್ತು ಜನ ಧುಮುಕಿದರು. ಬಿಳಿಯರಿದ್ದರು, ಮದರಾಸಿನವರಂತೆ ಕಾಣುವವರಿದ್ದರು, ಬೆಂಗಳೂರಿನವರಿದ್ದರು. ದೊಡ್ಡ ದೊಡ್ಡ ಗಂಡಸರು ಮಕ್ಕಳ ಹಾಗೆ ಚಕ್ರ ಮುಟ್ಟಿ ನೋಡುತ್ತಿದ್ದರು. ಒಬ್ಬಾತ ಎಂಜಿನ್ನಿನ ಕೆಳಗೆ ಬಗ್ಗಿ, ಕೈಯೆಲ್ಲ ಎಣ್ಣೆ ಮಾಡಿಕೊಂಡು, ಎದ್ದು ನಿಂತು ಎಲ್ಲರಿಗೂ ಆ ಕೈ ತೋರಿಸಿ ನಕ್ಕ. ಇನ್ನೊಬ್ಬಾತ ಹೆಗಲಿಗೆ ತೂಗುಹಾಕಿಕೊಂಡಿದ್ದ ಪೆಟ್ಟಿಗೆಯಲ್ಲಿ ಸುರುಳಿಗಳು ತಿರುಗುತ್ತಿದ್ದವು. ಕೋಲಿನ ತುದಿಗೆ ಕಟ್ಟಿದ ಮೈಕನ್ನು ಎಂಜಿನ್ನಿನ ಬಾಯಿಗೆ ಹಿಡಿದು, ಯಾರೂ ಮಾತಾಡಬೇಡಿ ಎಂದು ತುಟಿಗೆ ಬೆರಳಿಟ್ಟುಕೊಂಡು, ಅದರ ಸದ್ದು ತುಂಬಿಕೊಳ್ಳುತ್ತಿದ್ದ. ನಾವು ಬಾಯಿ ಬಿಟ್ಟುಕೊಂಡು ನೋಡಿದೆವು. ಅವರು ಆ ಎಂಜಿನ್ನನ್ನು ನೋಡಿದಷ್ಟು ಪ್ರೀತಿಯಿಂದ ಯಾರೂ ಏನನ್ನೂ ನೋಡಿದ್ದು ನಾನು ಅಲ್ಲಿಯತನಕ ಕಂಡಿರಲಿಲ್ಲ.

ಕ್ಯಾಮೆರಾ ಹಿಡಿದಿದ್ದ ಒಬ್ಬ ಹೆಂಗಸು ನನ್ನನ್ನು ಕಂಡು, ಕೈಹಿಡಿದು ಕರೆದುಕೊಂಡು ಹೋಗಿ ಬೇಲಿಯ ಮುಂದೆ ನಿಲ್ಲಿಸಿದಳು. ಬಿಸ್ಕತ್ತು ಕೊಟ್ಟಳು, ನನ್ನ ಮುಂಗೂದಲು ಸರಿಮಾಡಿದಳು, ಅಲ್ಲಾಡಬೇಡ ಎಂದು ಕೈಸನ್ನೆ ಮಾಡಿದಳು. ನನ್ನ ಬೆನ್ನ ಹಿಂದೆ ಎಂಜಿನ್ ಬರುವ ಹಾಗೆ ಪೋಟೋ ತೆಗೆಯಬೇಕಿತ್ತು ಅವಳಿಗೆ. ಅಷ್ಟರಲ್ಲಿ ಗಾಡಿ ಮೆಲ್ಲಗೆ ಮೈಸೂರಿನ ದಿಕ್ಕಿಗೇ ಹಿಂದೆ ಹಿಂದೆ ಸರಿದು ಕಣ್ಣಿಗೆ ಸಣ್ಣಗಾಯಿತು. ಪೋಟೋ ತೆಗೆಯುವವರೆಲ್ಲ ಕೆಳಗೇ ಸಾಲಾಗಿ ನಿಂತರು. ಹೋದ ಗಾಡಿ ಮತ್ತೆ ಬರುವುದಿಲ್ಲ ಎಂಬುದು ನಮ್ಮ ಸಾಲಿನವರಿಗೆಲ್ಲ ಗೊತ್ತಿದ್ದ ವಿಚಾರ. ಬಂದ ದಾರಿಯಲ್ಲೇ ವಾಪಸ್ಸಾಯಿತು ಅಂದುಕೊಂಡು ಅಕ್ಕ ಬುಟ್ಟಿ ಎತ್ತಿಕೊಂಡು, ಅದು ಉದುರಿಸಿದ್ದ ಬೂದಿಯ ಹತ್ತಿರ ಹೋದಳು. ಅವರ ಜೊತೆ ಬಂದಿದ್ದ, ಪಂಚೆಯ ಮೇಲೆ ಕೋಟು ತೊಟ್ಟ ಯಜಮಾನರೊಬ್ಬರು ನನ್ನ ಹತ್ತಿರ ಬಗ್ಗಿ ಕನ್ನಡದಲ್ಲಿ ಕೇಳಿದರು.

“ಅಲ್ಲಿ ಇದ್ದಲು ಆಯ್ತಿರೋಳು ಯಾರು ಮಗು, ನಿಮ್ಮಕ್ಕನಾ? ಪೋಟೋಗೋಸ್ಕರ ಗಾಡಿ ಇನ್ನೊಂದ್ಸಲ ಜೋರಾಗಿ ಬರುತ್ತೆ. ಪಕ್ಕದಿಂದ ಹಬೆ ಬಿಡ್ತಾರೆ. ಓಡಿ ಹೋಗಿ, ದೂರ ನಿಂತ್ಕೊ ಅಂತ ಹೇಳಿ ಬಾ.”

ಹೂಂ ಅಂದೆ. ಅವರು ಇನ್ನೊಂದು ಕಡೆ ನಿಂತಿದ್ದ ಜನರನ್ನು ಸರಿಸಲು ಹೋದರು. ನಾನು ಒಂದು ಹೆಜ್ಜೆ ಇಟ್ಟೆ. ಮಿಲ್ಲಿನ ಗುಮಾಸ್ತರ ಮಗಳು, ಗೌನು ತೊಟ್ಟವಳು, ಬೇಲಿಯ ಪಕ್ಕದಲ್ಲೇ ಕಾಯುತ್ತಿದ್ದಳು. ನಾನು ಬಿಟ್ಟ ಜಾಗಕ್ಕೆ ಅವಳ ಕಾಲು ಆಗಲೇ ಬಂದಿತ್ತು. ನಾನು ಹೆಜ್ಜೆ ಹಿಂದಕ್ಕೆ ತೆಗೆದುಕೊಂಡೆ. ಒಂದು ಪೋಟೋ ತೆಗೆಯುವಷ್ಟು ಹೊತ್ತು ತಾನೆ, ಆಮೇಲೆ ಹೇಳಿದರಾಯಿತು ಅಂದುಕೊಂಡೆನೋ, ಅಷ್ಟನ್ನೂ ಅಂದುಕೊಳ್ಳಲಿಲ್ಲವೋ, ಈಗ ನಿಜ ಹೇಳುವುದು ಕಷ್ಟ. ಕೂಗಿದರೆ ಮುಖ ಕೆಡುತ್ತದೆ, ಪೋಟೋ ಹಾಳಾಗುತ್ತದೆ ಎಂದು ಅನ್ನಿಸಿದ್ದು ಮಾತ್ರ ಚೆನ್ನಾಗಿ ನೆನಪಿದೆ.

ಎಂಜಿನ್ ಕಪ್ಪು ಹೊಗೆ ಕಾರುತ್ತ ಬಂತು. ಅಕ್ಕನಿಗೆ ಅದು ಕೇಳಿಸಿತ್ತು, ಕಣ್ಣಂಚಿನಿಂದ ನಾನು ನೋಡಿದೆ. ದಿನವೂ ಮಾಡುವ ಹಾಗೆ ಎರಡು ಮಾರು ಸರಿದು, ಬೆನ್ನು ತಿರುಗಿಸಿ, ಬುಟ್ಟಿಗೆ ಬಟ್ಟೆ ಮುಚ್ಚುತ್ತ ನಿಂತಳು. ಅವಳ ಪಕ್ಕಕ್ಕೆ ಬರುವಷ್ಟರಲ್ಲಿ ಚಕ್ರದ ಹತ್ತಿರದಿಂದ ಬಿಳಿ ಹಬೆ ಗೋಡೆಯ ಹಾಗೆ ಅಡ್ಡಕ್ಕೆ ನುಗ್ಗಿತು. ಎದುರು ನಿಂತವರೆಲ್ಲ ಚಪ್ಪಾಳೆ ತಟ್ಟಿದರು. ಆ ಬಿಳುಪಿನ ಒಳಗಿಂದ ಬಂದ ಕೂಗನ್ನು ಮೊದಲು ಯಾರೂ ಗುರುತಿಸಲಿಲ್ಲ. ಗಾಡಿ ದಾಟಿದ ಮೇಲೆ ನೋಡಿದರೆ ಅಕ್ಕ ಬುಟ್ಟಿಯ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಎಡಗೆನ್ನೆ, ಕಿವಿ, ಕತ್ತನ್ನು ಮುಟ್ಟಲಾರದೆ ಎರಡು ಕೈಯನ್ನೂ ಗಾಳಿಯಲ್ಲಿ ಹಿಡಿದುಕೊಂಡಿದ್ದಳು.

ಆಸ್ಪತ್ರೆಗೆ ಹೊತ್ತುಕೊಂಡು ಹೋದವರಲ್ಲಿ ಆ ಯಜಮಾನರೂ ಇದ್ದರು. ಅಳುತ್ತಲೇ ಅಪ್ಪನಿಗೆ ಹೇಳಿದರಂತೆ, ಚಿಕ್ಕವಳ ಕೈಲಿ ಹೇಳಿ ಕಳಿಸಿದ್ದೆ ಅಂತ. ಅಪ್ಪ ಮನೆಗೆ ಬಂದು ಸೊಂಟದ ಬೆಲ್ಟಿಗೆ ಕೈ ಹಾಕಿ ನನ್ನನ್ನು ಕೇಳಿದರು, ಯೋಳ್ದ್ಯಾ ಇಲ್ವಾ ಅಂತ. ನಾನು ಬಾಗಿಲ ಸಂದಿಗೆ ಒತ್ತಿಕೊಂಡು ಹೇಳಿದ ಮಾತು ಇದು: “ಕೂಗ್ದೆ ಕಣಪ್ಪ. ಅಕ್ಕುಂಗೆ ಕೇಳುಸ್ನಿಲ್ಲ.”

ಅಪ್ಪನ ಕೈ ಇಳಿಯಿತು. ಆದರೆ ಆ ಮಾತು ನಮ್ಮ ಮನೆಯಲ್ಲೇ ಕೂತುಬಿಟ್ಟಿತು. ಸುಣ್ಣದ ತಿಳಿಯನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಹಚ್ಚಿ, ಕಿವಿಗೆ ಹತ್ತಿ ಇಟ್ಟು, ತಲೆಗೆ ಬಟ್ಟೆ ಸುತ್ತಿ ತಿಂಗಳಾನುಗಟ್ಟಲೆ ಅಕ್ಕನನ್ನು ಮಲಗಿಸಿದ್ದರು. ಬಟ್ಟೆಯ ಒಳಗಿದ್ದಾಗ ಅವಳಿಗೆ ಮಾತು ಮಂದವಾಗಿಯೇ ಕೇಳಿಸುತ್ತಿತ್ತು. ಬಟ್ಟೆ ಬಿಚ್ಚುವ ಹೊತ್ತಿಗೆ ಸಾಲಿನವರೆಲ್ಲ ಅವಳ ಹತ್ತಿರ ಗಟ್ಟಿಯಾಗಿ ಮಾತಾಡುವುದನ್ನು ಅಭ್ಯಾಸ ಮಾಡಿಕೊಂಡಿದ್ದರು. ಮೊದಲಿಂದಲೂ ಅವಳ ಕಿವಿ ಮಂದವೇ ಇತ್ತು, ನಮಗೆ ಗೊತ್ತಾಗಿರಲಿಲ್ಲ ಎಂದು ಅವ್ವ ಅಳುತ್ತಿದ್ದಳು. ನನಗೆ ಆಗ ಒಂದೇ ಹೆದರಿಕೆ. ಆ ಸುರುಳಿಪೆಟ್ಟಿಗೆಯವನು ಎಲ್ಲಾ ಸದ್ದನ್ನೂ ತುಂಬಿಕೊಂಡು ಹೋಗಿದ್ದಾನೆ. ಯಾವುದೋ ದೇಶದ ಯಾವುದೋ ಮನೆಯಲ್ಲಿ ಅದನ್ನು ಹಾಕಿ ಕೇಳಿದರೆ ಎಂಜಿನ್ ಇರುತ್ತದೆ, ಚಪ್ಪಾಳೆ ಇರುತ್ತದೆ, ಅಕ್ಕನ ಚೀರಾಟ ಇರುತ್ತದೆ. ನನ್ನ ಕೂಗು ಇರುವುದಿಲ್ಲ.

ಒಬ್ಬರೇ ಒಬ್ಬರು ಅನುಮಾನ ಪಟ್ಟವರು ಬಷೀರ್ ಸಾಬರು. ಕಲಾಯಿ ಹಾಕಿದ ದಬರಿ ಹಿಡಿದು ಒಂದು ದಿನ ಬಾಗಿಲಿಗೆ ಬಂದರು.

“ನಿಮ್ ಹುಡುಗಿ ಕಿವಿ ಚೆನ್ನಾಗೈತೆ ಕಣಮ್ಮ. ಬೆನ್ ಹಿಂದೆ ಕೂತು ತಿದಿ ಒತ್ತುತ್ತಾ ಪಿಸಪಿಸ ಅಂದ್ರೂ ನಗ್ತಾಳೆ.”

“ನಿಮ್ ತುಟಿ ನೋಡಿ ತಿಳ್ಕತಾಳೆ ಬುಡಿ ಸಾಬ್ರೇ,” ಅಂದಳು ಅವ್ವ.

“ಅವಳ ಬೆನ್ನಿಗೆ ಕಣ್ಣೈತಾ ತಾಯಿ, ನನ್ ತುಟಿ ಕಾಣಕೆ?”

ಅವ್ವ ದಬರಿ ಇಸಿದುಕೊಂಡು, ಒಲೆಯ ಮುಂದೆ ಕೂತಿದ್ದ ಅಕ್ಕನನ್ನು ಕೇಳಿದಳು, ನಿಂಗೆ ಕೇಳುಸ್ತದಾ ಅಂತ. ಅಪ್ಪ ಹಿಂದೆಯೇ ಕೂತು ಉಣ್ಣುತ್ತಿದ್ದರು. ಅಕ್ಕ ನನ್ನ ಕಡೆ ನೋಡಿದಳು. ನಾನು ಅಪ್ಪನಿಗೆ ನೀರಿನ ಲೋಟ ಹಿಡಿದು ನಿಂತಿದ್ದೆ. ಕೇಳುಸ್ತದೆ ಎಂದರೆ, ಹಂಗಾರೆ ಅವತ್ತು ಯಾಕೆ ಕೇಳಲಿಲ್ಲ ಎಂಬುದು ಅಪ್ಪನ ಮುಂದಿನ ಮಾತು. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

“ಒಂದೊಂದ್ ದಪ ಕೇಳುಸ್ತದೆ ಕಣವ್ವ,” ಅಂದಳು. ತಿರುಗಿ ಒಲೆ ಕೆದಕಿದಳು.

ಅಕ್ಕನನ್ನು ಕಟ್ಟೆಮಳಲವಾಡಿಯ ನಮ್ಮ ಸೋದರಮಾವನಿಗೆ ಕೊಡುವುದು ಎಂದು ಅವಳು ತೊಟ್ಟಿಲಲ್ಲಿದ್ದಾಗಲೇ ಮಾತಾಗಿತ್ತು. ಮಾವ ಬಂದಾಗಲೆಲ್ಲ ಅವಳು ಒಳಗೆ ಹೋಗಿ ಸುಮ್ಮನೆ ಪಾತ್ರೆ ಸದ್ದು ಮಾಡುತ್ತಿದ್ದಳು, ನಾವು ರೇಗಿಸುತ್ತಿದ್ದೆವು. ಆ ವರ್ಷ ಅಜ್ಜಿ ಬಂದು, ಎಲೆ ಅಡಿಕೆ ಹಾಕಿಕೊಂಡು, ತನ್ನ ಮಗಳಾದ ಅವ್ವನಿಗೆ ಹೇಳಿದಳು: “ಮಕದ ಕಲೆ ಸೆರಗಲ್ಲಿ ಮುಚ್ಕತದೆ ಬುಡು. ಕಿವೀನ ಏನ್ ಮಾಡೀಯೆ? ಒಲದಲ್ಲಿ ಆ ಕಡೆಯಿಂದ ಅವ್ನು ಕೂಗುದ್ರೆ ಈ ಕಡೆ ಇವ್ಳು ಕಳೆ ಕೀಳ್ತಾ ಕೂತಿರ್ತಾಳೆ. ಚಿಕ್ಕೋಳು ಇದ್ದಾಳಲ್ಲ. ಬೆಳೀಲಿ, ಕಾಯ್ತೀವಿ.” ಗೋಡೆಯ ಆಚೆ ಅಕ್ಕ ಅಕ್ಕಿ ಆರಿಸುತ್ತಿದ್ದಳು. ಅಜ್ಜಿ ದನಿ ತಗ್ಗಿಸಲೂ ಇಲ್ಲ. ಕಿವುಡಿಯ ಮುಂದೆ ಯಾಕೆ ತಗ್ಗಿಸಬೇಕು? ಮೊರದ ಸದ್ದು ನಿಂತಿತು, ಮತ್ತೆ ಶುರುವಾಯಿತು.

ಅವರು ಕಾದರು. ನಾನು ಬೆಳೆದೆ. ಎಪ್ಪತ್ತರ ದಶಕ ಮುಗಿಯುವುದರೊಳಗೆ ನನ್ನ ಮದುವೆಯಾಯಿತು, ಅದೇ ಮಾವನ ಜೊತೆ. ಧಾರೆಯ ದಿನ ನನಗೆ ಜಡೆ ಹೆಣೆದವಳು ಅಕ್ಕ. ಕನಕಾಂಬರ ಮುಡಿಸುವಾಗ ಅವಳ ಬೆರಳು ನನ್ನ ಕಿವಿಗೆ ತಾಗಿತು. ಆಗ ಹೇಳಬಹುದಿತ್ತು. ಚಪ್ಪರದಲ್ಲಿ ಅಷ್ಟು ಜನರಿದ್ದರು, ವಾಲಗ ಶುರುವಾಗಿತ್ತು, ಹೀಗೆ ಏನೇನೋ ನೆವ. ನನ್ನ ಗಂಡ ಒಳ್ಳೆಯವರಾಗಿದ್ದರು. ಅವರು ಒಳ್ಳೆಯವರಾಗಿದ್ದಷ್ಟೂ ನನಗೆ ಅದೆಲ್ಲ ಅಕ್ಕನ ಪಾಲಿನದು ಅನ್ನಿಸುತ್ತಿತ್ತು.

ಅಪ್ಪ ಹೋದರು, ಅವ್ವ ಹೋದಳು. ಸಣ್ಣ ಹಳಿ ಕಿತ್ತು ದೊಡ್ಡ ಹಳಿ ಹಾಕುವಾಗ ನಮ್ಮ ಸಾಲೇ ಇಲ್ಲವಾಯಿತು. ಈಗ ಅಲ್ಲಿ ಹೋಗಿ ನಿಂತರೆ ಯಾವ ಕಡೆ ಬಾಗಿಲಿತ್ತು ಎಂದು ತೋರಿಸಲೂ ಆಗದು. ಅಕ್ಕ ನಮ್ಮ ಮನೆಗೆ ಬಂದಳು, ನನ್ನ ಮಕ್ಕಳನ್ನು ಬೆಳೆಸಿದಳು. ಮಕ್ಕಳು ‘ದೊಡ್ಡವ್ವಾ’ ಎಂದು ಕೇರಿಗೆಲ್ಲ ಕೇಳುವಂತೆ ಅವಳ ಮುಖದ ಹತ್ತಿರ ಹೋಗಿ ಅರಚುತ್ತಿದ್ದವು. ಅವಳು ತಡೆಯುತ್ತಿರಲಿಲ್ಲ. ನೆರೆಯ ಹೆಂಗಸರು ಮನೆಮನೆಯ ಗುಟ್ಟನ್ನೆಲ್ಲ ಅವಳ ಎದುರಿಗೇ ಬಿಚ್ಚುತ್ತಿದ್ದರು. ಅವಳು ಸೊಪ್ಪು ಸೋಸುತ್ತ ಕೂತು, ಎಲ್ಲೋ ನಡುವೆ, ನಗಬೇಕಾದ ಕಡೆಯೇ ಕೆಮ್ಮುತ್ತಿದ್ದಳು. ಅದನ್ನು ಗಮನಿಸಿದವಳು ನಾನೊಬ್ಬಳೇ.

ನನ್ನ ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ಹಗಲೆಲ್ಲ ನಾವಿಬ್ಬರೇ. ಕುಲುಮೆಯಿಂದ ಎದ್ದು ಬಂದ ಮಾರನೆಯ ಮಧ್ಯಾಹ್ನ ಅಕ್ಕ ಹಜಾರದಲ್ಲಿ ನನ್ನ ಕಡೆ ಬೆನ್ನು ಹಾಕಿ ಅವರೆಕಾಯಿ ಸುಲಿಯುತ್ತಿದ್ದಳು. ನಾನು ಕಂಬ ಹಿಡಿದು ನಿಂತು, ನಮ್ಮ ಮನೆಯ ರೂಢಿಯ ಹಾಗೆ, ಹೊಲದಾಚೆಗೆ ಕೂಗಿದಂತೆ ‘ಅಕ್ಕಾ’ ಎಂದು ಅರಚಿದೆ. ಅವಳು ತಿರುಗಲಿಲ್ಲ. ಕೈಯಲ್ಲಿದ್ದ ಕಾಯಿಯನ್ನು ಮೊರಕ್ಕೆ ಹಾಕಿದಳು.

“ಮೆಲ್ಲಗೇ ಮಾತಾಡು ಕೆಂಪಿ. ನಂಗೆ ಕೇಳುಸ್ತದೆ.”

ನಾನು ಹೋಗಿ ಅವಳ ಹಿಂದೆ ಕೂತೆ. ಮುಖ ನೋಡಿ ಹೇಳುವ ಧೈರ್ಯ ಆಗಲೂ ಇರಲಿಲ್ಲ. ಪಕ್ಕದಲ್ಲಿ ಯಾರಾದರೂ ಇದ್ದಿದ್ದರೂ ಕೇಳಿಸದಷ್ಟು ಸಣ್ಣ ದನಿಯಲ್ಲಿ, ಅವಳ ಸುಟ್ಟ ಕಿವಿಯ ಕಡೆಗೇ ಬಾಗಿ ಹೇಳಿದೆ.

“ಅವತ್ತು ನಾನು ಕೂಗ್ಲೇ ಇಲ್ಲ ಕಣಕ್ಕ. ಪೋಟೋಕೆ ನಿಂತಿದ್ದೆ. ಅಪ್ಪುಂಗೆ ಸುಳ್ ಯೋಳ್ದೆ. ತಪ್ಪಾಯ್ತು.”